ಹಲಗೆ ನೆಲದ ಮೇಲೆ ಟೈಲ್ಸ್: ಒಂದು ಮಾದರಿ ಪಾಠ

ಕೆಲಸದ ವಿಧಾನ ಕಲಿಸುವ ಪಾಠಗಳನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಹಂತಗಳಿಂದ ಆರಂಭಿಸುತ್ತಾರೆ. ಮೊದಲು ಇದು, ಆಮೇಲೆ ಅದು ಎಂದು ಕಪ್ಪುಹಲಗೆಯ ಮೇಲೆ ಪಟ್ಟಿ ಬೆಳೆಯುತ್ತದೆ, ಮಕ್ಕಳು ಬರೆದುಕೊಳ್ಳುತ್ತಾರೆ. ಒಂದು ಹಂತ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಈ ಕ್ರಮವನ್ನು ತಿರುಗಿಸಿ, ಕೆಲಸ ಎಲ್ಲಿ ಕೆಡುತ್ತದೆ ಎಂಬಲ್ಲಿಂದ ಶುರುಮಾಡುವ ಪಾಠವೊಂದನ್ನು ಒಂಬತ್ತನೇ ತರಗತಿಗೆ ಎರಡು ಅವಧಿಗಳಲ್ಲಿ ಮಾಡಿದೆ. ವಿಷಯ: ಬಚ್ಚಲುಮನೆಯ ಚಿಪ್‌ಬೋರ್ಡ್ ನೆಲಕ್ಕೆ ಟೈಲ್ಸ್ ಹಾಕುವುದು.

ನಮ್ಮೂರಲ್ಲಿ ಇಲ್ಲದ ನೆಲ ಏಕೆ ಎಂದು ವೀಕ್ಷಣೆಗೆ ಕುಳಿತವರೇ ಕೇಳಿದರು. ಇಲ್ಲ ಎಂಬ ಕಾರಣಕ್ಕೇ ಆರಿಸಿದ್ದು. ನಮ್ಮ ಆರ್‌ಸಿಸಿ ನೆಲ ಕಾಲಡಿ ಬಾಗುವುದಿಲ್ಲ, ನೀರು ಕುಡಿದು ಉಬ್ಬುವುದೂ ಇಲ್ಲ. ಹಾಗಾಗಿ ಟೈಲ್ಸ್ ತನ್ನ ತಳದಿಂದ ಏನನ್ನು ಬೇಡುತ್ತದೆ ಎಂಬುದು ಇಲ್ಲಿ ಗಮನಕ್ಕೇ ಬರುವುದಿಲ್ಲ. ಬ್ರಿಟನ್ನಿನ ಅನೇಕ ಮನೆಗಳಲ್ಲಿ ಮಹಡಿಯ ನೆಲವೆಂದರೆ ಮರದ ತೊಲೆಗಳ ಮೇಲೆ ಹಾಸಿದ ಚಿಪ್‌ಬೋರ್ಡ್. ತೊಲೆಗಳ ನಡುವೆ 40 ಸೆಂ.ಮೀ. ಅಂತರವಿದ್ದರೆ 18 ಮಿ.ಮೀ. ದಪ್ಪದ ಹಲಗೆ, 60 ಸೆಂ.ಮೀ. ಇದ್ದರೆ 22 ಮಿ.ಮೀ. ಮರದ ಚೂರುಗಳನ್ನು ಅಂಟಿನೊಡನೆ ಒತ್ತಿ ಮಾಡಿದ ಈ ಹಲಗೆ ಮಕ್ಕಳಿಗೆ ಹೊಸದೇನಲ್ಲ. ಕಂಪ್ಯೂಟರ್ ಮೇಜಿನ ಪಾರ್ಟಿಕಲ್ ಬೋರ್ಡ್ ಕೂಡ ಇದೇ ಜಾತಿ.

ಕಲಿಕೋಪಕರಣಗಳೂ ಒಂದು ಮುರಿದ ಮೇಜಿನಿಂದಲೇ ಬಂದವು. ಒಂದು ತುಂಡನ್ನು ಹಿಂದಿನ ಸಂಜೆ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟಿದ್ದೆ. 18 ಮಿ.ಮೀ. ಇದ್ದ ಅಂಚು ಬೆಳಿಗ್ಗೆ 21 ದಾಟಿತ್ತು. ಮಕ್ಕಳೇ ಅಳೆದು ಬರೆದರು. ತೇವ ತಡೆಯುವ ಬಗೆಯ ಹಲಗೆ ಕಡಿಮೆ ಉಬ್ಬುತ್ತದೆ, ಆದರೆ ಉಬ್ಬದೇ ಇರುವುದಿಲ್ಲ ಎಂಬುದನ್ನು ನಾನು ಸೇರಿಸಿದೆ.

ಇನ್ನೊಂದು ಉದ್ದನೆಯ ಪಟ್ಟಿಗೆ ನಾಲ್ಕು ದಿನ ಮೊದಲೇ ಸಿಮೆಂಟ್ ಹಾಲಿನಿಂದ ಎರಡು ಟೈಲ್ಸ್ ಕೂರಿಸಿ ಒಣಗಿಸಿದ್ದೆ. ಅದರ ಎರಡು ತುದಿಗಳನ್ನು ಇಟ್ಟಿಗೆಗಳ ಮೇಲಿಟ್ಟು ನಡುವೆ ಕೈಯಿಂದ ಒತ್ತಲು ಹೇಳಿದೆ. ಮೊದಲು ಟೈಲ್ಸ್ ನಡುವಿನ ಸಂದು ಬಾಯಿಬಿಟ್ಟಿತು, ಮತ್ತೆ ಒತ್ತಿದಾಗ ಒಂದು ಟೈಲ್ ಟಪ್ಪೆಂದು ಎದ್ದಿತು. ಅದೇ ಪಟ್ಟಿಯ ನಡುವೆ ಮೂರನೆಯ ಇಟ್ಟಿಗೆ ಇಟ್ಟು ಇಟ್ಟಿಗೆಗಳ ನಡುವೆ ಅಷ್ಟೇ ಬಲದಿಂದ ಒತ್ತಿದರೆ ಬಾಗಿದ್ದು ಕಾಣಿಸಲೇ ಇಲ್ಲ. ಆಧಾರಗಳ ಅಂತರ ಅರ್ಧವಾದರೆ ಅದೇ ಭಾರಕ್ಕೆ ಹಲಗೆ ಬಾಗುವುದು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಘನ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕಿಲ್ಲ.

ಇಲ್ಲಿ, ತಂದೆ ಟೈಲ್ಸ್ ಕೆಲಸ ಮಾಡುವ ಹುಡುಗನೊಬ್ಬ ಎದ್ದು, "ವಾಟ ಎಲ್ಲಿಗೆ ಕೊಡ್ತಾರೆ ಸರ್?" ಎಂದ. ಅಲ್ಲಿಯ ಬಚ್ಚಲುಮನೆಯ ನೆಲದಲ್ಲಿ ಸಾಮಾನ್ಯವಾಗಿ ನೀರು ಹೋಗುವ ತೂತೇ ಇರುವುದಿಲ್ಲ. ಸ್ನಾನ ತೊಟ್ಟಿಯೊಳಗೆ, ನೆಲ ಒಣಗಿರಬೇಕು. "ಹಂಗಾದ್ರೆ ಚೆಲ್ಲಿದ ನೀರು ಸಂದಿನಲ್ಲೇ ಇಳೀಬೇಕು" ಎಂದು ಅವನೇ ಮುಂದುವರಿಸಿದ. ಪಾಠಯೋಜನೆಯಲ್ಲಿ ನಾನು ಹೇಳಲೆಂದು ಬರೆದಿದ್ದ ಮಾತು ಅದು. ಅವನ ಬಾಯಿಂದ ಬಂದಿದ್ದಕ್ಕೇ ತರಗತಿ ಕಿವಿಗೊಟ್ಟಿತು.

ಎರಡನೆಯ ಅವಧಿಗೆ ಹಂತಗಳು ತಾವಾಗಿಯೇ ಬಂದವು. ಮೊದಲು ನೆಲದ ಮೇಲೆಲ್ಲ ನಡೆದು ನೋಡುವುದು. ಕಿರುಗುಟ್ಟುವಲ್ಲಿ ಹಲಗೆಯನ್ನು ತೊಲೆಗೆ ತಿರುಪಿನಿಂದ ಬಿಗಿಯುವುದು, ಬಾಗುವಲ್ಲಿ ತೊಲೆಗಳ ನಡುವೆ ಅಡ್ಡಮರ ಕೊಡುವುದು, ಕಮೋಡ್ ಸುತ್ತ ಉಬ್ಬಿದ ಭಾಗವಿದ್ದರೆ ಕತ್ತರಿಸಿ ಬದಲಿಸುವುದು. ತಿರುಪು ಉದ್ದವಾದರೆ ಹಲಗೆಯ ಕೆಳಗಿನ ಪೈಪಿಗೋ ವೈರಿಗೋ ತಾಗೀತು. ಆಮೇಲೆ ಸಿಮೆಂಟ್ ಬೋರ್ಡನ್ನು ಅಂಟು ಮತ್ತು ತಿರುಪು ಎರಡರಿಂದಲೂ ಕೂರಿಸಬೇಕು, ಅದರ ಸಂದು ಕೆಳಗಿನ ಹಲಗೆಯ ಸಂದಿನ ಮೇಲೆ ಬರದಂತೆ. ಹೊಸಬರು ಎಡವುವುದು ಇಲ್ಲೇ. 6 ಮಿ.ಮೀ. ಸಿಮೆಂಟ್ ಬೋರ್ಡ್ ಬಾಗುವ ನೆಲವನ್ನು ಗಟ್ಟಿ ಮಾಡುವುದಿಲ್ಲ. ಅದು ನೀರಿಗೆ ಉಬ್ಬದ ಮೇಲ್ಮೈಯನ್ನಷ್ಟೇ ಕೊಡುತ್ತದೆ. ಗಟ್ಟಿತನ ಅದಕ್ಕೂ ಮೊದಲೇ ಆಗಿರಬೇಕು.

ಉಳಿದದ್ದನ್ನು ಬೇಗ ಮುಗಿಸಿದೆ: ನೀರು ತಡೆಯುವ ಲೇಪ, ಅಂಟಿಲ್ಲದೆ ಟೈಲ್ಸ್ ಜೋಡಿಸಿ ನೋಡುವುದು, ಸ್ವಲ್ಪ ಬಳುಕುವ ಅಂಟನ್ನು ಹಲ್ಲಿನ ಕರಣೆಯಿಂದ ಎಳೆದು ಅಡಿಯಲ್ಲಿ ಟೊಳ್ಳು ಉಳಿಯದಂತೆ ಕೂರಿಸುವುದು, ಗ್ರೌಟ್. ಗೋಡೆಯಂಚಿನ ಸಂದಿಗೆ ಮಾತ್ರ ಗ್ರೌಟ್ ಅಲ್ಲ, ಸಿಲಿಕೋನ್. ಮರದ ನೆಲ ಚೂರು ಸರಿದಾಡಲು ಜಾಗ ಬೇಕು.

ಮೌಲ್ಯಮಾಪನಕ್ಕೆ ಹಂತಗಳನ್ನು ಕೇಳಲಿಲ್ಲ. ಕಟ್ಟಡ ಕೆಲಸದ ಜಾಗದಲ್ಲಿ ಹಲಗೆ ನೆಲದ ಪೋರ್ಟಾ ಕ್ಯಾಬಿನ್ ಇದೆ, ಅದರ ಶೌಚಾಲಯಕ್ಕೆ ಟೈಲ್ಸ್ ಬೇಕಂತೆ, ನೀವು ಮೊದಲು ಏನು ನೋಡುತ್ತೀರಿ ಎಂದೆ. ಹೆಚ್ಚಿನವರು ಮೇಲೆ ನಿಂತು ಕುಣಿದು ನೋಡುತ್ತೇವೆ ಎಂದು ಬರೆದರು. ಒಬ್ಬಳು ಕೆಳಗೆ ಬಗ್ಗಿ ಆಧಾರಗಳು ಎಷ್ಟೆಷ್ಟು ದೂರದಲ್ಲಿವೆ ಎಂದು ಅಳೆಯುತ್ತೇನೆ ಎಂದು ಬರೆದಿದ್ದಳು.