ಸಡಿಲಗೊಳ್ಳದ ಮುಷ್ಟಿ

ಸ್ನಾಯುವಿನ ಕೆಲಸವೇನೆಂದು ತರಗತಿಯಲ್ಲಿ ಕೇಳಿದರೆ ‘ಸಂಕೋಚಗೊಳ್ಳುವುದು’ ಎಂಬ ಉತ್ತರ ಒಡನೆಯೇ ಬರುತ್ತದೆ. ಅದು ಅರ್ಧ ಉತ್ತರ ಮಾತ್ರ. ಸಂಕೋಚಗೊಂಡ ಸ್ನಾಯು ಸಕಾಲದಲ್ಲಿ ಸಡಿಲಗೊಳ್ಳಲೂ ಬೇಕು. ಈ ಎರಡನೆಯ ಕೆಲಸದ ಮಹತ್ವ ನಮಗೆ ಅರಿವಾಗುವುದು ಅದು ಕೆಟ್ಟಾಗಲೇ.

ಬಸವನಗುಡಿಯ ತರುಣ ಗೃಹಿಣಿಯೊಬ್ಬಳು ಗಾಂಧಿಬಜಾರಿನಲ್ಲಿ ತರಕಾರಿ ಕೊಂಡು ಮನೆಗೆ ಬಂದು ಚೀಲವನ್ನು ಕೆಳಗಿಡುತ್ತಾಳೆಂದು ಭಾವಿಸೋಣ. ಚೀಲ ನೆಲವನ್ನು ಮುಟ್ಟಿದರೂ ಬೆರಳುಗಳು ಹಿಡಿಯನ್ನು ಬಿಡುವುದಿಲ್ಲ. ಕೆಲವು ಕ್ಷಣಗಳಾದ ಮೇಲೆ ಮೆಲ್ಲನೆ ಬಿಚ್ಚಿಕೊಳ್ಳುತ್ತವೆ. ಆಯಾಸವೆಂದೋ ವಾಯುವೆಂದೋ ಆಕೆ ಸುಮ್ಮನಾಗುತ್ತಾಳೆ. ಆದರೆ ಇದು ಮಯೋಟಾನಿಕ್ ಡಿಸ್ಟ್ರೋಫಿ ಎಂಬ ಆನುವಂಶಿಕ ಸ್ನಾಯುರೋಗದ ಮೊದಲ ಗುರುತಾಗಿರಬಹುದು. ಆಕೆ ತಾಯಿಯಾಗಲಿರುವಳಾದರೆ ಈ ಗುರುತನ್ನು ಅಲಕ್ಷಿಸುವುದರಿಂದ ತಾಯಿ ಮಗು ಇಬ್ಬರಿಗೂ ಅಪಾಯವುಂಟು. ಅದು ಹೇಗೆಂಬುದನ್ನು ವಿಚಾರಮಾಡೋಣ.

ನಮ್ಮ ಜೀವಕೋಶಗಳ 19ನೆಯ ವರ್ಣತಂತುವಿನಲ್ಲಿರುವ ಒಂದು ಜೀನಿನಲ್ಲಿ ಸಿ, ಟಿ, ಜಿ ಎಂಬ ಮೂರು ರಾಸಾಯನಿಕ ಅಕ್ಷರಗಳ ಗುಂಪು ಮತ್ತೆ ಮತ್ತೆ ಸಾಲಾಗಿ ಬರುತ್ತದೆ. ಆರೋಗ್ಯವಂತರಲ್ಲಿ ಈ ಗುಂಪುಗಳ ಸಂಖ್ಯೆ ಸಾಮಾನ್ಯವಾಗಿ 5ರಿಂದ 34. ಅದು 50ನ್ನು ಮೀರಿದಾಗ ರೋಗ ತಲೆದೋರುತ್ತದೆ. ಉದ್ದವಾದ ಈ ಸಾಲಿನ ಆರ್‌ಎನ್‌ಎ ಪ್ರತಿಯು ಕೋಶದ ಕೆಲವು ಪ್ರೋಟೀನುಗಳನ್ನು ಸೆರೆಹಿಡಿಯುವುದರಿಂದ, ಸ್ನಾಯುತಂತುವಿನ ಹೊರಪದರದಲ್ಲಿ ಕ್ಲೋರೈಡ್ ಅಯಾನುಗಳು ಹಾಯುವ ದ್ವಾರಗಳು ಸರಿಯಾಗಿ ನಿರ್ಮಾಣವಾಗುವುದಿಲ್ಲ. ನರದ ಆಜ್ಞೆ ನಿಂತರೂ ಹೊರಪದರದ ವಿದ್ಯುತ್ ಕ್ಷೋಭೆ ಕೂಡಲೆ ಶಮನವಾಗದು. ಆದುದರಿಂದಲೇ ಮುಷ್ಟಿ ಬಿಚ್ಚಲು ತಡವಾಗುವುದು.

ಈ ಸಾಲಿಗೆ ತಲೆಮಾರಿನಿಂದ ತಲೆಮಾರಿಗೆ ಬೆಳೆಯುವ ಪ್ರವೃತ್ತಿಯುಂಟು. ಅಜ್ಜಿಗೆ ಕಣ್ಣಿನ ಪೊರೆ ಮಾತ್ರ. ತಾಯಿಗೆ ಬಿಡದ ಹಿಡಿ. ಮಗುವಿಗೆ ಹುಟ್ಟಿನಿಂದಲೇ ತೀವ್ರ ದೌರ್ಬಲ್ಯ. ಒಂದೇ ವಂಶದಲ್ಲಿ ರೋಗ ಹೀಗೆ ಉಲ್ಬಣಿಸುವುದನ್ನು ಜರ್ಮನಿಯ ನೇತ್ರವೈದ್ಯ ಫ್ಲೈಷರ್ 1918ರಲ್ಲಿ ಗುರುತಿಸಿದನು. ಇಂಗ್ಲೆಂಡಿನ ಪೆನ್‌ರೋಸ್ 1948ರಲ್ಲಿ ಇದನ್ನು ಒಪ್ಪದೆ, ಕುಟುಂಬಗಳನ್ನು ಆರಿಸುವ ಕ್ರಮದಿಂದ ಹುಟ್ಟಿದ ಭ್ರಮೆಯೆಂದು ವಾದಿಸಿದನು. 1992ರಲ್ಲಿ ಜೀನು ಪತ್ತೆಯಾದಾಗ, ಬೆಳೆಯುವ ಸಾಲು ಪ್ರಯೋಗಶಾಲೆಯಲ್ಲಿ ಪ್ರತ್ಯಕ್ಷವಾಯಿತು. ಹುಟ್ಟಿನಿಂದಲೇ ರೋಗಪೀಡಿತವಾದ ಶಿಶುಗಳಲ್ಲಿ ಗುಂಪುಗಳ ಸಂಖ್ಯೆ ಅನೇಕವೇಳೆ 1,000ವನ್ನು ಮೀರಿರುತ್ತದೆ. ಅಂಥ ಶಿಶುಗಳಿಗೆ ರೋಗ ಬಹುಮಟ್ಟಿಗೆ ತಾಯಿಯಿಂದಲೇ ಬಂದಿರುತ್ತದೆ.

ರಕ್ತಸಂಬಂಧದ ಮದುವೆಯಿಂದಲೇ ಇಂಥ ರೋಗಗಳು ಬರುತ್ತವೆಂಬ ನಂಬಿಕೆ ನಮ್ಮಲ್ಲಿದೆ. ಕೆಲವು ಸ್ನಾಯುರೋಗಗಳ ಸಂಭವವನ್ನು ಸೋದರಮಾವನೊಡನೆ ಮದುವೆ ಮೊದಲಾದ ಸಂಬಂಧಗಳು ಹೆಚ್ಚಿಸುವುದು ನಿಜ. ಆದರೆ ಈ ರೋಗಕ್ಕೆ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದ ಒಂದು ದೋಷಯುಕ್ತ ಪ್ರತಿಯೇ ಸಾಕು. ಪ್ರತಿ ಬಸಿರಿನಲ್ಲಿಯೂ ಅದು ಮಗುವಿಗೆ ಇಳಿಯುವ ಸಂಭವ ಅರ್ಧ. ಚಿಮ್ಮಿದ ನಾಣ್ಯಕ್ಕೆ ಹಿಂದಿನ ಸಲದ ನೆನಪಿಲ್ಲ; ಮೊದಲ ಮಗು ಆರೋಗ್ಯವಾಗಿದ್ದರೆ ಎರಡನೆಯದಕ್ಕೆ ಅಪಾಯ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಬಸಿರಿನಲ್ಲಿ ರೋಗ ಹೇಗೆ ತೋರುವುದೆಂಬುದಕ್ಕೆ ಶಾಲೆಯ ಅಂಕಗಣಿತದ ತೊಟ್ಟಿಯ ಲೆಕ್ಕವನ್ನು ನೆನೆಯಬಹುದು. ಒಂದು ಕೊಳಾಯಿ ತುಂಬಿಸುತ್ತದೆ, ಇನ್ನೊಂದು ಬರಿದುಮಾಡುತ್ತದೆ. ಶಿಶುವಿನ ಮೂತ್ರದಿಂದ ಗರ್ಭಜಲ ಹೆಚ್ಚುತ್ತದೆ. ಶಿಶು ನುಂಗುವುದರಿಂದ ತಗ್ಗುತ್ತದೆ. ರೋಗಪೀಡಿತ ಶಿಶುವಿಗೆ ನುಂಗುವ ಶಕ್ತಿ ಸಾಲದೆ ನೀರು ಮಿತಿಮೀರುತ್ತದೆ. ಹೊಟ್ಟೆಯಲ್ಲಿ ಮಗುವಿನ ಚಲನೆಯೂ ಮಂದವಾಗಬಹುದು. ಹುಟ್ಟಿದೊಡನೆ ಅದಕ್ಕೆ ಉಸಿರಾಟಕ್ಕೂ ಹಾಲು ಕುಡಿಯುವುದಕ್ಕೂ ನೆರವು ಬೇಕಾಗಬಹುದು.

ಮಗುವಿಗೆ ರೋಗವಿಲ್ಲದಿದ್ದರೂ ತಾಯಿಯ ವಿಷಯದಲ್ಲಿ ಎಚ್ಚರ ತಪ್ಪಬಾರದು. ಗರ್ಭಕೋಶವೂ ಸ್ನಾಯುವೇ ಅಲ್ಲವೇ? ನೋವು ಅವಧಿಗೆ ಮುಂಚೆಯೇ ಆರಂಭವಾಗಬಹುದು, ಹೆರಿಗೆ ನಿಧಾನವಾಗಬಹುದು, ಆಮೇಲೆ ಗರ್ಭಕೋಶ ಬಿಗಿಯದೆ ರಕ್ತಸ್ರಾವವಾಗಬಹುದು. ಹೃದಯದ ವಿದ್ಯುತ್ ವಹನದಲ್ಲಿ ಅಡ್ಡಿಯಿರಬಹುದಾದುದರಿಂದ ಇ.ಸಿ.ಜಿ. ಅವಶ್ಯಕ. ಅರಿವಳಿಕೆಯದಂತೂ ಅತಿ ಸೂಕ್ಷ್ಮ ವಿಷಯ. ಸಕ್ಸಿನೈಲ್‌ಕೋಲೀನ್ ಎಂಬ ಔಷಧದಿಂದ ದವಡೆಯ ಸ್ನಾಯುಗಳು ಬಿಗಿದು, ಉಸಿರಾಟದ ನಳಿಗೆಯನ್ನು ಇಡಲಾಗದೆ ಹೋಗಬಹುದು. ಮುಂಚೆಯೇ ತಿಳಿದಿದ್ದರೆ ವೈದ್ಯರು ಬೇರೆ ಔಷಧವನ್ನು ಆರಿಸುತ್ತಾರೆ.

ನಮ್ಮ ಬೆಂಗಳೂರಿನಲ್ಲಿ 1935ರಿಂದ ಹೆರಿಗೆಗೆ ಹೆಸರಾದ ವಾಣಿವಿಲಾಸ ಆಸ್ಪತ್ರೆಯಿದೆ. ನರ ಮತ್ತು ಸ್ನಾಯುರೋಗಗಳ ಪರೀಕ್ಷೆಗೆ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಿದೆ. ಇವೆರಡರ ನಡುವಿನ ದೂರ ಕೆಲವೇ ಕಿಲೋಮೀಟರು. ಆದರೆ ಒಂದೆಡೆ ತಿಳಿದುದನ್ನು ಮತ್ತೊಂದೆಡೆಗೆ ಮುಟ್ಟಿಸಬೇಕಾದವರು ರೋಗಿಯೂ ಆಕೆಯ ಮನೆಯವರೂ ಆಗಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ಮಲ್ಲೇಶ್ವರದ ವೈದ್ಯರು ಬರೆದುಕೊಟ್ಟ ಕಾಗದವೂ ಸೀಮಂತದ ಸೀರೆಯೊಡನೆ ತವರೂರಿನ ಆಸ್ಪತ್ರೆಯನ್ನು ಸೇರತಕ್ಕದ್ದು.

ರೋಗವನ್ನು ನಿರ್ಮೂಲಮಾಡುವ ಚಿಕಿತ್ಸೆ ಇಂದಿಗೂ ದೊರೆತಿಲ್ಲ. ಆದರೆ ರಕ್ತದ ಪರೀಕ್ಷೆಯಿಂದ ಜೀನಿನ ಸ್ಥಿತಿಯನ್ನು ಅರಿಯಬಹುದು. ದಂಪತಿಗಳು ಬಯಸಿದಲ್ಲಿ ಗರ್ಭದ 11ನೆಯ ವಾರದ ಬಳಿಕ ಜರಾಯುವಿನ ತುಣುಕಿನಿಂದಲೋ, 15ನೆಯ ವಾರದ ಬಳಿಕ ಗರ್ಭಜಲದಿಂದಲೋ ಶಿಶುವಿನ ಪರೀಕ್ಷೆ ಸಾಧ್ಯ. ಆನುವಂಶಿಕ ರೋಗದ ಪತ್ತೆಗಾಗಿ ಇದಕ್ಕೆ 1994ರ ಕಾಯಿದೆಯಲ್ಲಿ ಅವಕಾಶವಿದೆ. ಲಿಂಗವನ್ನು ತಿಳಿಸುವುದು ಅದೇ ಕಾಯಿದೆಯಿಂದ ನಿಷಿದ್ಧ. ಪುನರಾವರ್ತನೆಯ ಸಂಖ್ಯೆಯೊಂದರಿಂದಲೇ ಮಗುವಿನ ಭವಿಷ್ಯವನ್ನು ನಿಖರವಾಗಿ ಹೇಳಲಾಗದೆಂಬುದನ್ನೂ ದಂಪತಿಗಳು ತಿಳಿದಿರಬೇಕು.

ಇಷ್ಟೆಲ್ಲ ಪರೀಕ್ಷೆಗಳಿಗೂ ಮೊದಲನೆಯದು ಅತಿ ಸರಳವಾದುದು. ‘ಮುಷ್ಟಿಯನ್ನು ಬಲವಾಗಿ ಬಿಗಿದು ಒಮ್ಮೆಲೇ ಬಿಚ್ಚಿರಿ’ ಎನ್ನುತ್ತಾರೆ ವೈದ್ಯರು. ಅದರಿಂದಲೇ ರೋಗ ಸಿದ್ಧವಾಗದು. ಆದರೆ ವಿಚಾರಣೆ ಅಲ್ಲಿಂದ ಆರಂಭವಾಗಬಹುದು. ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ‘ಕೈ ಹಿಡಿದುಕೊಂಡುಬಿಡುತ್ತದೆ’ ಎಂದಾಗ, ಈ ಪುಟವನ್ನು ಓದಿದ ವಿದ್ಯಾರ್ಥಿ ಅದನ್ನು ನಕ್ಕು ಮರೆಯದೆ, ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ದರೆ ನಮ್ಮ ಶ್ರಮ ಸಾರ್ಥಕ.