ಕುಂದುಳ್ಳವರ ಪೂಜೆ

ಶರನ್ನವರಾತ್ರಿಯು ಸಮೀಪಿಸಿತೆಂದರೆ ಕನ್ನಡಿಗರ ಎಷ್ಟೋ ಮನೆಗಳಲ್ಲಿ ದೇವೀ ಮಹಾತ್ಮೆಯ ಪಾರಾಯಣಕ್ಕೆ ಸಿದ್ಧತೆ ನಡೆಯುತ್ತದೆ. ಕೆಲವರು ಸಂಸ್ಕೃತದ ಸಪ್ತಶತಿಯನ್ನು ಪಠಿಸುತ್ತಾರೆ. ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ಚಿದಾನಂದಾವಧೂತರು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ದೇವೀ ಪುರಾಣವನ್ನು ಓದುವ ರೂಢಿಯುಂಟು. ಹೊಟ್ಟೆಯ ಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲೆಸಿದ ಕುಟುಂಬಗಳೂ ಹಿರಿಯರ ಕೈಯಿಂದ ಬಂದ ಆ ಗ್ರಂಥವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಜೋಪಾನವಾಗಿ ಇಟ್ಟುಕೊಂಡಿವೆ.

ಆದರೆ ಆ ವಸ್ತ್ರವನ್ನು ಬಿಚ್ಚುವ ಹೊತ್ತಿಗೆ ಅನೇಕರ ಮನಸ್ಸಿನಲ್ಲಿ ಒಂದು ಅಳುಕು ಮೂಡುತ್ತದೆ. ತಂದೆಗೆ ಕಂಠಪಾಠವಾಗಿದ್ದ ಮಂತ್ರಗಳು ಮಗನಿಗೆ ಅರ್ಧ ಮರೆತಿವೆ. ತಾಯಿ ಪಾಲಿಸುತ್ತಿದ್ದ ಮಡಿಯು ಎರಡು ಕೋಣೆಗಳ ಬಾಡಿಗೆಯ ಮನೆಯಲ್ಲಿ ಮಗಳಿಗೆ ಸಾಧ್ಯವಾಗುತ್ತಿಲ್ಲ. ಮುಂಜಾನೆಯ ಲೋಕಲ್ ಗಾಡಿಯು ಆರತಿ ಮುಗಿಯುವವರೆಗೆ ಕಾಯುವುದಿಲ್ಲ. ಇವೆಲ್ಲ ಹೊರಗಿನ ಕೊರತೆಗಳು. ಒಳಗಿನ ಕೊರತೆಗಳು ಇನ್ನೂ ಹಿರಿದು: ನಿನ್ನೆ ಕಚೇರಿಯಲ್ಲಿ ಆಡಿದ ಸುಳ್ಳು, ಆಸ್ತಿಯ ವಿಷಯದಲ್ಲಿ ಒಡಹುಟ್ಟಿದವರೊಡನೆ ಬೆಳೆದ ವೈಮನಸ್ಯ, ಊರಿನಲ್ಲಿ ಒಂಟಿಯಾಗಿರುವ ವೃದ್ಧ ತಾಯಿಯನ್ನು ತಿಂಗಳುಗಟ್ಟಲೆ ವಿಚಾರಿಸದೆ ಉಳಿದ ತಪ್ಪು. ಇಂಥವನು ಮಾಡಿದ ಪೂಜೆಯನ್ನು ದೇವಿಯು ಒಪ್ಪುವಳೆ ಎಂಬ ಪ್ರಶ್ನೆ ಏಳುತ್ತದೆ. ಕೆಲವರು ಈ ಪ್ರಶ್ನೆಗೆ ಹೆದರಿ, ಮನಸ್ಸು ಶುದ್ಧವಾದ ಮೇಲೆ ಪೂಜಿಸಿದರಾಯಿತೆಂದು ದೀಪವನ್ನೇ ಹಚ್ಚದೆ ಬಿಡುತ್ತಾರೆ. ವರ್ಷಗಳು ಕಳೆಯುತ್ತವೆ, ಮನಸ್ಸು ಶುದ್ಧವಾಗುವ ಆ ದಿನ ಮಾತ್ರ ಬರುವುದಿಲ್ಲ.

ಈ ಅಳುಕಿಗೆ ಉತ್ತರವು ಪಾರಾಯಣದ ಗ್ರಂಥದಲ್ಲಿಯೇ ಇದೆ. ಮಧುಕೈಟಭರು, ಮಹಿಷಾಸುರ, ಶುಂಭನಿಶುಂಭರು, ಇವರ ವಧೆಯ ರೋಮಾಂಚಕಾರಿ ಕಥನದ ನಡುವೆ ಓದುಗರು ಅದನ್ನು ದಾಟಿಹೋಗುವುದೇ ಹೆಚ್ಚು.

ಇಬ್ಬರು ಸೋತವರು

ಮಾರ್ಕಂಡೇಯ ಪುರಾಣದ ಅಂಗವಾಗಿರುವ ಸಪ್ತಶತಿಯಲ್ಲಿ 13 ಅಧ್ಯಾಯಗಳಿವೆ. ದೇವಿಯ ಪರಾಕ್ರಮದ ಕಥೆಗಳೆಲ್ಲ ಒಂದು ಆಶ್ರಮದಲ್ಲಿ ಹೇಳಲ್ಪಟ್ಟವು. ಹೇಳಿದವನು ಮೇಧಸ್ ಎಂಬ ಋಷಿ. ಕೇಳಿದವರು ಇಬ್ಬರು, ಇಬ್ಬರೂ ಬಾಳಿನಲ್ಲಿ ಸೋತು ಬಂದವರು.

ಮೊದಲನೆಯವನು ಸುರಥನೆಂಬ ರಾಜ. ಪ್ರಜೆಗಳನ್ನು ಮಕ್ಕಳಂತೆ ಸಲಹುತ್ತಿದ್ದ ಅವನು ತನಗಿಂತ ಕಡಿಮೆ ಬಲದ ಶತ್ರುಗಳಿಂದ ಯುದ್ಧದಲ್ಲಿ ಸೋತನು. ರಾಜಧಾನಿಗೆ ಮರಳಿದರೆ ಅಲ್ಲಿ ಅವನ ಮಂತ್ರಿಗಳೇ ಬೊಕ್ಕಸವನ್ನೂ ಸೈನ್ಯವನ್ನೂ ಅಪಹರಿಸಿದರು. ಬೇಟೆಯ ನೆವದಿಂದ ಕುದುರೆಯನ್ನೇರಿ ಒಬ್ಬನೇ ಅಡವಿಯನ್ನು ಸೇರಿದನು. ಕ್ರೂರ ಮೃಗಗಳೂ ಶಾಂತವಾಗಿದ್ದ ಆ ಆಶ್ರಮದಲ್ಲಿ ಅವನೊಬ್ಬನಿಗೆ ಮಾತ್ರ ಶಾಂತಿಯಿರಲಿಲ್ಲ. ತನ್ನ ಪಟ್ಟದ ಆನೆಗೆ ಈಗ ಎಂಥ ಮೇವು ದೊರೆಯುತ್ತಿದೆಯೋ, ತಾನು ಕಷ್ಟಪಟ್ಟು ಕೂಡಿಟ್ಟ ಧನವನ್ನು ಯಾರು ಪೋಲು ಮಾಡುತ್ತಿರುವರೋ ಎಂಬ ಚಿಂತೆಯೇ ಅವನನ್ನು ಸುಡುತ್ತಿತ್ತು.

ಎರಡನೆಯವನು ಸಮಾಧಿಯೆಂಬ ವೈಶ್ಯ. ಸಿರಿವಂತರ ಕುಲದಲ್ಲಿ ಹುಟ್ಟಿದ ಅವನನ್ನು ಹೆಂಡತಿ ಮಕ್ಕಳೇ ಧನಲೋಭದಿಂದ ಮನೆಯ ಹೊರಗೆ ಅಟ್ಟಿದ್ದರು. ಆದರೂ ಅವನ ಕೊರಗು ತನ್ನ ಬಗ್ಗೆ ಅಲ್ಲ. ಅವರು ಕ್ಷೇಮವಾಗಿರುವರೆ, ಮಕ್ಕಳು ಒಳ್ಳೆಯ ದಾರಿಯಲ್ಲಿರುವರೆ ಎಂದು ಅವನು ನೆನೆಯುತ್ತಿದ್ದನು. ನಿನ್ನನ್ನು ಹೊರದೂಡಿದವರಲ್ಲಿ ಇನ್ನೂ ಸ್ನೇಹವೇಕೆ ಎಂದು ರಾಜನು ಕೇಳಿದಾಗ, ತನ್ನ ಮನಸ್ಸು ಕಠಿಣವಾಗಲಾರದೆಂದು ಅವನು ಒಪ್ಪಿಕೊಂಡನು.

ಇವರಿಬ್ಬರ ವಿಶೇಷವೇನೆಂದರೆ, ಇಬ್ಬರಿಗೂ ತಮ್ಮ ದೋಷವು ತಿಳಿದಿತ್ತು. ಹೋದುದಕ್ಕೆ ಅಳುವುದು ವ್ಯರ್ಥವೆಂದು ರಾಜನು ಬಲ್ಲನು. ಪ್ರೀತಿಗೆ ಯೋಗ್ಯರಲ್ಲದವರನ್ನು ತಾನು ಪ್ರೀತಿಸುತ್ತಿರುವೆನೆಂದು ವೈಶ್ಯನು ಬಲ್ಲನು. ತಿಳಿದೂ ಬಿಡಲಾರದ ಸ್ಥಿತಿ ಅವರದು. ತಮ್ಮನ್ನು ತಾವೇ ತಿದ್ದಿಕೊಳ್ಳಲಾರದೆ ಋಷಿಯ ಬಳಿಗೆ ಹೋಗಿ, ತಿಳಿವಳಿಕೆಯುಳ್ಳವರಿಗೂ ಈ ಮೋಹವೇಕೆ ಎಂದು ಕೇಳಿದರು. ಋಷಿಯು ಅವರನ್ನು ಗದರಲಿಲ್ಲ. ತಾವು ಹಸಿದಿದ್ದರೂ ಮರಿಗಳ ಕೊಕ್ಕಿಗೆ ಕಾಳನ್ನಿಡುವ ಹಕ್ಕಿಗಳನ್ನು ತೋರಿಸಿದನು. ಜ್ಞಾನಿಗಳ ಚಿತ್ತವನ್ನೂ ಬಲವಾಗಿ ಸೆಳೆದು ಮೋಹಕ್ಕೆ ಒಪ್ಪಿಸುವವಳು ಮಹಾಮಾಯೆ. ಪ್ರಸನ್ನಳಾದರೆ ಮುಕ್ತಿಯನ್ನು ಕೊಡುವವಳೂ ಅವಳೇ ಎಂದು ಬೋಧಿಸಿದನು. ಗಂಟು ಹಾಕಿದ ಕೈಯೇ ಗಂಟನ್ನು ಬಿಚ್ಚಬಲ್ಲುದು ಎಂಬುದು ಅವನ ಉಪದೇಶದ ಸಾರ.

ಹೊಳೆಯ ದಂಡೆಯ ಮಣ್ಣಿನ ಮೂರ್ತಿ

ದೇವಿಯ ಕಥೆಯನ್ನೆಲ್ಲ ಕೇಳಿದ ಮೇಲೆ ಇಬ್ಬರೂ ಏನು ಮಾಡಿದರು? ಮೊದಲು ಮೋಹವನ್ನು ಗೆದ್ದು ಆಮೇಲೆ ಪೂಜೆಗೆ ಕುಳಿತರೆಂದು ಗ್ರಂಥವು ಹೇಳುವುದಿಲ್ಲ. ಆ ಕೂಡಲೇ ನದಿಯ ದಂಡೆಗೆ ಹೋದರು. ಅಲ್ಲಿಯ ಮಣ್ಣಿನಿಂದ ದೇವಿಯ ಮೂರ್ತಿಯನ್ನು ಮಾಡಿದರು. ಹೂವು, ಧೂಪ, ಅಗ್ನಿ, ತರ್ಪಣಗಳಿಂದ ಅರ್ಚಿಸಿದರು. ಒಮ್ಮೆ ನಿರಾಹಾರ, ಒಮ್ಮೆ ಮಿತಾಹಾರ. ಮನಸ್ಸನ್ನು ಅವಳಲ್ಲಿ ನೆಟ್ಟು 3 ವರ್ಷಗಳ ಕಾಲ ಆರಾಧಿಸಿದರು. ತಮ್ಮ ಮೈಯ ರಕ್ತವನ್ನೇ ಬಲಿಯಲ್ಲಿ ಸೇರಿಸಿದರೆಂದೂ ಗ್ರಂಥವು ಹೇಳುತ್ತದೆ. ಇಂದಿನ ಗೃಹಸ್ಥನು ಅನುಕರಿಸಬೇಕಾದ ಕ್ರಿಯೆ ಅದಲ್ಲ. ಅದರ ತಾತ್ಪರ್ಯವನ್ನು ಗ್ರಹಿಸಿದರೆ ಸಾಕು. ಅರ್ಪಿಸಲು ಅವರ ಬಳಿ ಬೇರೇನೂ ಉಳಿದಿರಲಿಲ್ಲ. ಬೊಕ್ಕಸ ಹೋಗಿತ್ತು, ಮನೆ ಹೋಗಿತ್ತು. ಉಳಿದದ್ದು ಮೋಹದಿಂದ ಕೂಡಿದ ತಾವು ಮಾತ್ರ. ಅದನ್ನೇ ಮುಚ್ಚಿಡದೆ ಮುಂದಿಟ್ಟರು.

ಪೂರ್ಣಮನಸ್ಸಿನ ಪೂಜೆಯೆಂದರೆ ಇದೇ. ಪೂರ್ಣಮನಸ್ಸು ಬೇರೆ, ಪರಿಪೂರ್ಣ ಮನಸ್ಸು ಬೇರೆ. ಪರಿಪೂರ್ಣ ಮನಸ್ಸೆಂದರೆ ಕಲೆಯಿಲ್ಲದ ಮನಸ್ಸು; ಅದು ಸಿದ್ಧರಿಗೆ ಮಾತ್ರ ಸಾಧ್ಯವಾದುದು. ಪೂರ್ಣಮನಸ್ಸೆಂದರೆ ಕಲೆಗಳ ಸಮೇತ ಎಲ್ಲವನ್ನೂ ತಂದಿಡುವ ಮನಸ್ಸು. ಅದು ಯಾರಿಗೂ ಸಾಧ್ಯ. ಒಡೆದ ಕೊಡದಲ್ಲಿ ನೀರು ತಂದವನು ದಾರಿಯುದ್ದಕ್ಕೂ ಸೋರಿದುದಕ್ಕೆ ನಾಚಬಹುದು. ಆದರೆ ಆ ನಾಚಿಕೆಯಿಂದ ಹೊಳೆಗೆ ಹೋಗುವುದನ್ನೇ ಬಿಟ್ಟವನ ಮನೆಗೆ ಒಂದು ಹನಿಯೂ ಬರುವುದಿಲ್ಲ.

ಕಥೆಯ ಮುಕ್ತಾಯವು ಇನ್ನೂ ಅರ್ಥಗರ್ಭಿತವಾಗಿದೆ. ದೇವಿಯು ಪ್ರತ್ಯಕ್ಷಳಾಗಿ ವರವನ್ನು ಕೇಳಿರೆಂದಾಗ ಸುರಥನು ಬೇಡಿದ್ದು ರಾಜ್ಯವನ್ನೇ! ಈ ಜನ್ಮದಲ್ಲಿ ಕಳೆದುಹೋದ ರಾಜ್ಯ, ಮುಂದಿನ ಜನ್ಮದಲ್ಲಿ ಅಳಿಯದ ರಾಜ್ಯ. ಮೂರು ವರ್ಷಗಳ ತಪಸ್ಸಿನ ಬಳಿಕವೂ ಅವನ ಆಸೆ ಹೋಗಿರಲಿಲ್ಲ. ಸಮಾಧಿಯ ಮನಸ್ಸಾದರೋ ಅಷ್ಟರಲ್ಲಿ ವಿರಕ್ತವಾಗಿತ್ತು; ನಾನು ನನ್ನದೆಂಬ ಅಂಟನ್ನು ಬಿಡಿಸುವ ಜ್ಞಾನವನ್ನು ಅವನು ಬೇಡಿದನು. ದೇವಿಯು ಇಬ್ಬರಿಗೂ ಅವರವರು ಬೇಡಿದುದನ್ನು ಕೊಟ್ಟಳು. ರಾಜನಿಗೆ ರಾಜ್ಯವು ಮರಳಿತು. ಮುಂದೆ ಅವನೇ ಸಾವರ್ಣಿ ಮನುವಾಗುವನೆಂಬ ಅನುಗ್ರಹವೂ ದೊರೆಯಿತು. ವೈಶ್ಯನಿಗೆ ಜ್ಞಾನವು ದೊರೆಯಿತು. ಇನ್ನೂ ಆಸೆಯುಳ್ಳವನೆಂದು ಸುರಥನನ್ನು ಅವಳು ಹಿಂದಕ್ಕೆ ಕಳುಹಿಸಲಿಲ್ಲ.

ಕನ್ನಡ ನಾಡಿನ ಭಕ್ತಿಪರಂಪರೆಯೂ ಇದಕ್ಕೆ ಸಾಕ್ಷಿ ನುಡಿಯುತ್ತದೆ. ಪುರಂದರದಾಸರು ಮೊದಲು ಕಡುಲೋಭಿಯಾದ ವ್ಯಾಪಾರಿಯಾಗಿದ್ದರೆಂದು ಸಂಪ್ರದಾಯದ ಕಥೆ. ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದ ಅವರು ಸರ್ವಸ್ವವನ್ನೂ ದಾನ ಮಾಡಿ ವಿಠಲನ ದಾಸರಾದರು. ದಾಸರಾದ ಮೇಲೆ ತಮ್ಮನ್ನು ನಿರ್ದೋಷಿಗಳೆಂದು ಸಾರಿಕೊಳ್ಳಲಿಲ್ಲ. ತಮ್ಮ ಕುಂದುಗಳನ್ನು ಎಣಿಸಿ ಹರಿಯ ಮುಂದಿಡುವ ಧ್ವನಿಯು ಅವರ ಕೀರ್ತನೆಗಳಲ್ಲಿ ಮತ್ತೆ ಮತ್ತೆ ಕೇಳುತ್ತದೆ.

ಪೂಜೆಯಲ್ಲಿಯೇ ಕೊರತೆಗೊಂದು ಸ್ಥಳ

ಸಪ್ತಶತಿಯ 12ನೆಯ ಅಧ್ಯಾಯದಲ್ಲಿ ದೇವಿಯೇ ದೇವತೆಗಳಿಗೆ ಒಂದು ಭರವಸೆಯನ್ನು ಕೊಡುತ್ತಾಳೆ. ವಿಧಿಯನ್ನು ಅರಿತು ಮಾಡಿದ ಪೂಜೆಯನ್ನೂ ಅರಿಯದೆ ಮಾಡಿದ ಪೂಜೆಯನ್ನೂ ತಾನು ಪ್ರೀತಿಯಿಂದ ಸ್ವೀಕರಿಸುವೆನೆಂಬುದು ಅದರ ಭಾವ. ಶರತ್ಕಾಲದ ವಾರ್ಷಿಕ ಮಹಾಪೂಜೆಯ ಪ್ರಸ್ತಾಪವು ಇದರ ಬೆನ್ನಿಗೇ ಬರುತ್ತದೆ. ಮಂತ್ರವನ್ನು ಮರೆತ ನಗರವಾಸಿಗೆ ಇದಕ್ಕಿಂತ ಸಮಾಧಾನದ ಮಾತು ಬೇರೆ ಯಾವುದಿದೆ?

ಪೂಜಾವಿಧಿಯನ್ನು ರೂಪಿಸಿದ ಹಿರಿಯರೂ ಮನುಷ್ಯನ ಸ್ವಭಾವವನ್ನು ಬಲ್ಲವರಾಗಿದ್ದರು. ಆವಾಹನೆಯಿಂದ ಮಂಗಳಾರತಿಯವರೆಗೆ ಎಲ್ಲ ಉಪಚಾರಗಳೂ ಮುಗಿದ ಮೇಲೆ ಕ್ಷಮಾಪಣೆಯೆಂಬ ಅಂಗವನ್ನು ಇಟ್ಟರು. ಮಂತ್ರದಲ್ಲಿ, ಕ್ರಿಯೆಯಲ್ಲಿ, ಭಕ್ತಿಯಲ್ಲಿ ಉಂಟಾದ ನ್ಯೂನತೆಯನ್ನು ಪೂಜಕನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಈ ಅಂಗವು ಕಲಿಯದವರಿಗೆ ಮಾತ್ರ ವಿಧಿಸಿದ್ದಲ್ಲ; ವೇದವೇದಾಂಗ ಪಾರಂಗತನೂ ಇದನ್ನು ಹೇಳಿಯೇ ಏಳಬೇಕು. ಕೊರತೆಯೇ ಇಲ್ಲದ ಪೂಜೆಯನ್ನು ಶಾಸ್ತ್ರಕಾರರು ಯಾರಿಂದಲೂ ನಿರೀಕ್ಷಿಸಲಿಲ್ಲವೆಂಬುದು ಇದರಿಂದ ಸ್ಪಷ್ಟ. ಅದರಲ್ಲಿಯೂ ಭಕ್ತಿಯ ಕೊರತೆಯನ್ನು ಒಪ್ಪಿಕೊಳ್ಳುವ ಮಾತನ್ನು ಗಮನಿಸಬೇಕು. ಮಂತ್ರ ತಪ್ಪಿದ್ದು ನೆರೆದವರಿಗೆ ಕೇಳಿಸೀತು, ಕ್ರಿಯೆ ತಪ್ಪಿದ್ದು ಕಂಡೀತು. ಭಕ್ತಿ ತಪ್ಪಿದ್ದನ್ನು ಪೂಜಕನೊಬ್ಬನೇ ಬಲ್ಲನು. ಅದನ್ನು ತಾನಾಗಿಯೇ ಹೇಳಿಕೊಳ್ಳುವುದರಲ್ಲಿ ಭಕ್ತಿಯು ಮೊಳೆಯುತ್ತದೆ.

ಶಂಕರ ಭಗವತ್ಪಾದರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ದೇವ್ಯಪರಾಧ ಕ್ಷಮಾಪಣ ಸ್ತೋತ್ರವೂ ಇದೇ ನೆಲೆಯದು. ಅದರಲ್ಲಿ ಮಾತನಾಡುವವನು 85 ವರ್ಷಗಳನ್ನು ದಾಟಿದ ಮುದುಕ. ಶಂಕರರು 32ನೆಯ ವಯಸ್ಸಿನಲ್ಲಿಯೇ ದೇಹವನ್ನು ಬಿಟ್ಟರೆಂದು ಸಂಪ್ರದಾಯವು ಹೇಳುವುದರಿಂದ ಕರ್ತೃತ್ವದ ವಿಷಯದಲ್ಲಿ ಸಂದೇಹವೆದ್ದಿರುವುದುಂಟು. ಆದರೆ ಸ್ತೋತ್ರದ ಬೆಲೆಯು ಅದರಿಂದ ಕುಗ್ಗುವುದಿಲ್ಲ. ಬಾಳೆಲ್ಲ ಕಳೆದ ಮೇಲೆ ತನಗೆ ಪೂಜೆಯ ವಿಧಾನ ತಿಳಿಯದೆಂದೂ, ಆಲಸ್ಯದಿಂದ ಸೇವೆ ತಪ್ಪಿತೆಂದೂ ಒಪ್ಪಿಕೊಂಡು, ಕೆಟ್ಟ ಮಗನನ್ನೂ ತಾಯಿಯು ಕೈಬಿಡಳೆಂಬ ನಂಬಿಕೆಯೊಂದನ್ನೇ ಹಿಡಿದು ಆ ಮುದುಕನು ನಿಲ್ಲುತ್ತಾನೆ. ತಡವಾಯಿತೆಂದು ಹಿಂಜರಿಯುವವರಿಗೆ ಆ ವಯಸ್ಸೇ ಒಂದು ಉಪದೇಶ.

ಕ್ಷಮೆಯನ್ನು ಅಗ್ಗಮಾಡಬಾರದು

ಇಷ್ಟನ್ನು ಕೇಳಿ, ಹಾಗಾದರೆ ಹೇಗೆ ಬಾಳಿದರೂ ಆದೀತು, ಕೊನೆಗೊಂದು ಕ್ಷಮಾಪಣೆಯ ಶ್ಲೋಕ ಹೇಳಿದರೆ ಸಾಕು ಎಂದು ಯಾರಾದರೂ ಭಾವಿಸಿದರೆ ಅದು ಪ್ರಮಾದ. ಸುರಥ ಸಮಾಧಿಯರು ದೋಷವುಳ್ಳವರಾಗಿದ್ದರೇ ಹೊರತು ಕಪಟಿಗಳಾಗಿರಲಿಲ್ಲ. ಋಷಿಯ ಮುಂದೆ ತಮ್ಮ ಮೋಹಕ್ಕೆ ಧರ್ಮದ ವೇಷ ಹಾಕಲಿಲ್ಲ. ಮೂರು ವರ್ಷ ಹಿಡಿದ ವ್ರತವನ್ನು ನಡುವೆ ಬಿಡಲಿಲ್ಲ. ಸಮಯವಿದ್ದೂ ಸೋಮಾರಿತನದಿಂದ ಬಿಟ್ಟ ಪೂಜೆಗೂ, ಸಮಯವಿಲ್ಲದೆ ಒಂದು ನಿಮಿಷ ನಿಂತು ಕೈಮುಗಿದ ಪೂಜೆಗೂ ಇರುವ ಅಂತರವನ್ನು ಮನಸ್ಸಾಕ್ಷಿಯು ಚೆನ್ನಾಗಿ ಬಲ್ಲದು.

ಮತ್ತೊಂದು ವಿಷಯವನ್ನೂ ಮರೆಯಲಾಗದು. ಮಂತ್ರಲೋಪವನ್ನು ದೇವಿಯ ಮುಂದೆ ಹೇಳಿಕೊಂಡರೆ ತೀರಿತು. ತಮ್ಮನ ಪಾಲನ್ನು ಕಸಿದವನು ದೇವಿಯ ಮುಂದೆ ಮಾತ್ರ ಕ್ಷಮೆ ಬೇಡಿದರೆ ತೀರದು. ಆ ತಮ್ಮನ ಬಾಗಿಲಿಗೂ ಹೋಗಬೇಕು. ಸುರಥನ ಬೊಕ್ಕಸವನ್ನು ಅಪಹರಿಸಿದ ಮಂತ್ರಿಗಳು ಅದೇ ಧನದಿಂದ ಭವ್ಯವಾದ ಉತ್ಸವವನ್ನು ನಡೆಸಿದ್ದರೆ ಅದು ಪೂಜೆಯೆನಿಸುತ್ತಿತ್ತೆ? ಕುಂದನ್ನು ಕಾಣಿಕೆಯಾಗಿ ತರಬಹುದು. ಕದ್ದುದನ್ನು ಕಾಣಿಕೆಯಾಗಿ ತರಲಾಗದು.

ಆದುದರಿಂದ ಪಾರಾಯಣ ಮಾಡುವ ಸಾಧಕನು ಈ ನವರಾತ್ರಿಯಲ್ಲಿ ಒಂದು ಸಣ್ಣ ನಿಯಮವನ್ನು ಕೈಗೊಳ್ಳಬಹುದು. ಪ್ರತಿದಿನ ಕ್ಷಮಾಪಣೆಯ ಹೊತ್ತಿನಲ್ಲಿ ರೂಢಿಯ ಶ್ಲೋಕದೊಡನೆ ಆ ದಿನದ ಒಂದು ತಪ್ಪನ್ನು ಮನಸ್ಸಿನಲ್ಲಿ ಹೆಸರಿಸಿ ನೆನೆಯಲಿ. ಒಂಬತ್ತು ದಿನಗಳಲ್ಲಿ ಒಂಬತ್ತು ತಪ್ಪುಗಳು ಕೈಗೆ ಸಿಗುತ್ತವೆ. ಅವುಗಳಲ್ಲಿ ಕೆಲವು ಅಲ್ಲಿಯೇ ಕರಗಬಹುದು. ಕೆಲವು ಮಾತ್ರ ಯಾವುದೋ ಒಬ್ಬ ಮನುಷ್ಯನ ಹೆಸರನ್ನು ಹಿಡಿದು ನಿಲ್ಲುತ್ತವೆ.

ಅವುಗಳಿಗಾಗಿಯೇ ಹತ್ತನೆಯ ದಿನವಿದೆ. ವಿಜಯದಶಮಿಯ ಸಂಜೆ ಬನ್ನಿಯ ಎಲೆಗಳನ್ನು ಬಂಗಾರವೆಂದು ಹಂಚಿ, ಹಿರಿಯರ ಪಾದಕ್ಕೆರಗಿ, ಹಳೆಯ ಮನಸ್ತಾಪಗಳನ್ನು ಮರೆಯುವ ಪದ್ಧತಿಯನ್ನು ಉತ್ತರ ಕರ್ನಾಟಕದವರು ನಗರಗಳಿಗೂ ತಂದಿದ್ದಾರೆ. ಒಂಬತ್ತು ದಿನ ದೇವಿಯ ಮುಂದೆ ಕುಂದುಗಳನ್ನು ಒಪ್ಪಿಕೊಂಡವನು ಹತ್ತನೆಯ ದಿನ ಆ ಎಲೆಯನ್ನು ಹಿಡಿದು ಮುನಿದವರ ಮನೆಯ ಮೆಟ್ಟಿಲು ಹತ್ತಿದರೆ ಅವನ ಪಾರಾಯಣವು ಸಾಂಗವಾಯಿತು. ಊರು ದೂರವಾದರೆ ದೂರವಾಣಿಯಿದೆ. ಬಹಳ ದಿನಗಳಿಂದ ಮಗನ ದನಿಯನ್ನು ಕೇಳದ ತಾಯಿಗೆ ಆ ಕರೆಯೇ ಬನ್ನಿ, ಅದೇ ಬಂಗಾರ.

ಹೊಳೆಯ ದಂಡೆಯ ಮಣ್ಣಿಗೆ ಒಲಿದು ಬಂದ ಜಗನ್ಮಾತೆಯು ಮಹಾನಗರದ ಕಿರಿಕೋಣೆಯ ಗೂಡಿನಲ್ಲಿ ಹಚ್ಚಿದ ದೀಪಕ್ಕೂ ಒಲಿದು ಬರಲಿ. ಕುಂದುಳ್ಳವರೆಲ್ಲರ ಪೂಜೆಯನ್ನು ಕೈಗೊಂಡು, ಕುಂದನ್ನು ನೀಗುವ ಬಲವನ್ನೂ ಅನುಗ್ರಹಿಸಲಿ.