ಎಂಜಿನ್ನಿನ ಬಿಡಿಭಾಗಗಳು
ಬಂಗಾರಪೇಟೆಗೂ ಕೋಲಾರದ ಚಿನ್ನದ ಗಣಿ ಪ್ರದೇಶಕ್ಕೂ ನಡುವೆ ಒಂದು ಕಾಲಕ್ಕೆ ಅಂಬಾಸಿಡರ್ ಕಾರುಗಳು ಬಾಡಿಗೆಗೆ ಓಡುತ್ತಿದ್ದವು. 2014ರಲ್ಲಿ ಅವುಗಳ ತಯಾರಿಕೆ ನಿಂತಿತು. ಇಂಧನದ ಖರ್ಚನ್ನು ತಗ್ಗಿಸಲು ಅನೇಕ ಮಾಲೀಕರು ಪೆಟ್ರೋಲ್ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಕೂರಿಸುತ್ತಿದ್ದರು. ಎರಡೂ ಒಂದೇ ವಂಶದವು. ಗಾತ್ರವೂ ಒಂದೇ, 1489 ಘನ ಸೆಂಟಿಮೀಟರ್. ಆದರೂ ಒಂದರ ಪಿಸ್ಟನ್ ಇನ್ನೊಂದಕ್ಕೆ ಸಲ್ಲದು. ಪೆಟ್ರೋಲು ಕಿಡಿಯಿಂದ ಹೊತ್ತುತ್ತದೆ. ಡೀಸೆಲ್ಲಾದರೋ ಬಲವಾಗಿ ಒತ್ತಿದ ಗಾಳಿಯ ಕಾವಿನಿಂದಲೇ ಹೊತ್ತಬೇಕು. ಆ ಒತ್ತಡವನ್ನು ಅದರ ಪಿಸ್ಟನ್ ತಾಳಬೇಕು. ಇದಕ್ಕಿಂತ ಸೂಕ್ಷ್ಮವಾದುವು ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಬೇರಿಂಗ್ ಕ್ಯಾಪುಗಳು. ಅವುಗಳನ್ನು ತಮ್ಮ ಬ್ಲಾಕಿಗೇ ಬಿಗಿದು ರಂಧ್ರ ಕೊರೆದಿರುತ್ತಾರೆ. ಅದೇ ಮಾದರಿಯ ಮತ್ತೊಂದು ಎಂಜಿನ್ನಿನ ಕ್ಯಾಪನ್ನು ತೊಡಿಸಿದರೆ ಕೂದಲೆಳೆಯಷ್ಟು ವ್ಯತ್ಯಾಸವೇ ಶಾಫ್ಟು ಬಿಗಿದುಕೊಳ್ಳಲು ಸಾಕು. ಆದುದರಿಂದ ನುರಿತ ಮೆಕ್ಯಾನಿಕನು ಕ್ಯಾಪುಗಳನ್ನು ಬಿಚ್ಚುವ ಮುನ್ನ ಒಂದೊಂದರ ಮೇಲೂ ಸಂಖ್ಯೆಯನ್ನು ಗುರುತಿಸಿಕೊಳ್ಳುತ್ತಾನೆ.